ಕೊರೊನಾ ಕಾಲದ ರಿಯಾಯಿತಿ, ಇವತ್ತಿನ ಬಾವಿ ನೀರು

ಪ್ರಶ್ನೆ: ಸರ್, ನಮ್ಮ ಊರಿಗೂ ಕೈಗಾರಿಕಾ ಪ್ರದೇಶಕ್ಕೂ ನಡುವೆ ಬರೀ ಒಂದು ಹಳ್ಳ. 2020ರಲ್ಲಿ ಲಾಕ್‌ಡೌನ್ ಇದ್ದಾಗ ಅಲ್ಲಿ ಔಷಧಿ ಕಾರ್ಖಾನೆಗೆ ಪರ್ಮಿಷನ್ ಆಯ್ತಂತೆ. ನಮಗೆ ಗೊತ್ತಾಗಿದ್ದು ಕಾಂಪೌಂಡ್ ಎದ್ದ ಮೇಲೆ. 2023ರ ದೀಪಾವಳಿ ಹೊತ್ತಿಗೆ ಶುರುವಾಯ್ತು. ರಾತ್ರಿ ಹನ್ನೊಂದರ ಮೇಲೆ ಕೊಳೆತ ಮೂಲಂಗಿ ವಾಸನೆ, ಕೆಲವು ದಿನ ನೇಲ್ ಪಾಲಿಶ್ ತರ. ನಮ್ಮ ಹೊಲದ ಬಾವಿ ನೀರು ಸವುಳಾಗಿದೆ. ಎಮ್ಮೆ ಮೂಸಿ ನೋಡಿ ಬಾಯಿ ಹಾಕದೆ ಹೋಗ್ತದೆ. ಕಂಪನಿಯವರನ್ನ ಕೇಳಿದ್ರೆ ‘ನಿಮ್ಮ ನೀರು ಮೊದಲಿಂದಲೂ ಸವುಳೇ’ ಅಂತಾರೆ. ಆಫೀಸಿಗೆ ಹೋದ್ರೆ ‘ಕೊರೊನಾ ಟೈಮಲ್ಲಿ ಕೇಂದ್ರದವರೇ ಕಾನೂನು ಬದಲಾಯಿಸಿದ್ದಾರೆ, ನಮ್ಮ ಕೈಯಲ್ಲಿ ಏನೂ ಇಲ್ಲ’ ಅಂದ್ರು. ಇಐಎ 2020 ಅಂತ ಕಾನೂನು ಬಂದು ಜನರ ಅಹವಾಲು ಸಭೆ ಎಲ್ಲ ರದ್ದಾಗಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವೇ? ಆ ಪರ್ಮಿಷನ್ ರದ್ದು ಮಾಡಿಸಬಹುದಾ? ನನ್ನ ಮೈದುನ ಅದೇ ಕಾರ್ಖಾನೇಲಿ ಕೆಲಸಕ್ಕಿದ್ದಾನೆ, ಹಂಗಾಗಿ ಮನೇಲಿ ಈ ಮಾತು ಎತ್ತಿದ್ರೆ ಜಗಳ. ನಾನು ಹೆಚ್ಚು ಓದಿದವಳಲ್ಲ. ನೀರು ಪರೀಕ್ಷೆ ಕಿಟ್ ಟ್ರೇನಿಂಗ್ ಕೊಟ್ಟ ಐದು ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು, ಅಷ್ಟೇ.

(ಕಲ್ಯಾಣ ಕರ್ನಾಟಕದ ಓದುಗರೊಬ್ಬರ ಪತ್ರ. ಊರಿನ, ಕಾರ್ಖಾನೆಯ ಹೆಸರು ತೆಗೆದಿದ್ದೇನೆ.)

ಉತ್ತರ:

ನೀವು ಕೇಳಿರುವುದು ಮೂರು. ಕೊರೊನಾ ಕಾಲದಲ್ಲಿ ಕಾನೂನು ನಿಜಕ್ಕೂ ಬದಲಾಯಿತೇ, ಆಗ ಕೊಟ್ಟ ಅನುಮತಿ ರದ್ದಾಗುತ್ತದೆಯೇ, ಈಗ ಏನು ಮಾಡುವುದು. ಆದರೆ ಪತ್ರವನ್ನು ಎರಡನೇ ಸಲ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಮೊದಲಿಂದಲೂ ಸವುಳೇ’ ಎಂಬ ಮಾತು. ಅದಕ್ಕೆ ಎದುರು ಹೇಳಲು ನಿಮ್ಮ ಕೈಯಲ್ಲಿ ಏನೂ ಇಲ್ಲವೆಂದು ನೀವು ನಂಬಿಕೊಂಡಿದ್ದೀರಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ನಾನು ಯಾರು ಎಂಬುದು ಗೊತ್ತಿರಲಿ. ಸುಮಾರು ಇಪ್ಪತ್ತು ವರ್ಷ ಕಂಪನಿಗಳಿಗಾಗಿ ಪರಿಸರ ಪರಿಣಾಮ ಅಧ್ಯಯನ ವರದಿ ಬರೆದವನು. ಇಐಎ ಅಂದರೆ ಅದೇ. ಬೇಲಿಯ ಆ ಕಡೆ ಕೂತು ಊಟ ಮಾಡಿದವನು. ಈಗ ಹಳ್ಳಿಯವರು ತರುವ ಕಾಗದ ಓದಿ ಹೇಳುವ ಕೆಲಸ ಮಾಡುತ್ತೇನೆ.

ವಾಟ್ಸಾಪ್ ಸುದ್ದಿಯಿಂದ ಶುರು ಮಾಡೋಣ. ಇಐಎ 2020 ಎಂಬ ಕಾನೂನು ಬರಲೇ ಇಲ್ಲ. ಬಂದದ್ದು ಅದರ ಕರಡು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸಲು ಕೇಂದ್ರ ಪರಿಸರ ಸಚಿವಾಲಯ ಹೊರಟಿತ್ತು. ಕರಡಿನ ಮೇಲಿನ ತಾರೀಖು 2020ರ ಮಾರ್ಚ್ 12. ರಾಜಪತ್ರದಲ್ಲಿ ಪ್ರಕಟವಾದದ್ದು ಏಪ್ರಿಲ್ 11ಕ್ಕೆ, ದೇಶವಿಡೀ ಬಾಗಿಲು ಹಾಕಿಕೊಂಡು ಕೂತಿದ್ದಾಗ. ಅಂಚೆ ಸರಿಯಾಗಿ ನಡೆಯುತ್ತಿರಲಿಲ್ಲ, ಸಭೆ ಸೇರುವಂತಿರಲಿಲ್ಲ, ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆಕ್ಷೇಪಣೆಗೆ ಕೊಟ್ಟದ್ದು ಅರವತ್ತು ದಿನ.

ಆ ಕರಡಿನಲ್ಲಿ ಏನಿತ್ತು ಅಂದರೆ: ಅಹವಾಲು ಸಭೆಗೆ ಮುನ್ನ ಜನರಿಗೆ ಕೊಡುವ ಕಾಲ 30 ದಿನದಿಂದ 20ಕ್ಕೆ ಇಳಿಯುತ್ತಿತ್ತು. ಕಾರ್ಖಾನೆ ಆರು ತಿಂಗಳಿಗೊಮ್ಮೆ ಕೊಡಬೇಕಾದ ವರದಿ ವರ್ಷಕ್ಕೊಮ್ಮೆ ಆಗುತ್ತಿತ್ತು. ಅನುಮತಿ ಇಲ್ಲದೆ ಕಟ್ಟಿದವರು ಆಮೇಲೆ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದಿತ್ತು. ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡದ್ದು ಬೇರೆ ಒಂದು ಸಾಲು. ಉಲ್ಲಂಘನೆಯನ್ನು ಯಾರು ಹೇಳಿದರೆ ಗಣನೆಗೆ ತೆಗೆದುಕೊಳ್ಳಬೇಕು ಎಂಬ ಪಟ್ಟಿಯಲ್ಲಿ ಕಂಪನಿ ಇತ್ತು, ಸರ್ಕಾರಿ ಅಧಿಕಾರಿಗಳಿದ್ದರು, ಪಕ್ಕದ ಊರಿನವರು ಇರಲಿಲ್ಲ. ನಿಮ್ಮಂಥವರು ದೂರು ಕೊಟ್ಟರೂ ಆ ನಿಯಮದ ಪ್ರಕಾರ ಅದು ದೂರೇ ಆಗುತ್ತಿರಲಿಲ್ಲ.

ಗಲಾಟೆ ಆಯಿತು. ಲಕ್ಷಗಟ್ಟಲೆ ಆಕ್ಷೇಪಣೆ ಹೋದವು. ದೆಹಲಿ ಹೈಕೋರ್ಟ್ ಜೂನ್ 30ರಂದು ಗಡುವನ್ನು ಆಗಸ್ಟ್ 11ರವರೆಗೆ ಮುಂದಕ್ಕೆ ಹಾಕಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿಸಿ ಎಂದಿತು. ಆಗಸ್ಟ್ 5ರಂದು ನಮ್ಮ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಕನ್ನಡದಲ್ಲಿ ಇಲ್ಲದ ಕರಡಿಗೆ ಕನ್ನಡದ ಜನ ಆಕ್ಷೇಪಣೆ ಬರೆಯುವುದು ಹೇಗೆ ಎಂಬುದು ಅಲ್ಲಿ ಎದ್ದ ಪ್ರಶ್ನೆಗಳಲ್ಲೊಂದು. ಕರಡು ಕರಡಾಗಿಯೇ ಉಳಿಯಿತು. ಇವತ್ತಿಗೂ ನಡೆಯುತ್ತಿರುವುದು, ತಿದ್ದುಪಡಿಗಳ ಸಮೇತ, 2006ರ ಅಧಿಸೂಚನೆಯೇ.

ಈ ‘ತಿದ್ದುಪಡಿಗಳ ಸಮೇತ’ ಎಂಬಲ್ಲೇ ನಿಮ್ಮ ಊರಿನ ಕಥೆ ಇದೆ. ಊರೆಲ್ಲ ಮುಂಬಾಗಿಲಲ್ಲಿ ನಿಂತು ಕರಡಿನ ಬಗ್ಗೆ ಕೂಗುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಚಿಕ್ಕ ಚಿಕ್ಕ ಕಾಗದಗಳು ಒಳಗೆ ಹೋದವು. ಅವುಗಳಲ್ಲಿ ಒಂದು 2020ರ ಮಾರ್ಚ್ 27ರದು, ಲಾಕ್‌ಡೌನ್ ಶುರುವಾಗಿ ಇನ್ನೂ ಮೂರನೇ ದಿನ. ಕೋವಿಡ್ ಮತ್ತು ಅಂಥದೇ ಲಕ್ಷಣಗಳ ಚಿಕಿತ್ಸೆಗೆ ಬೇಕಾದ ಔಷಧಿಗಳ ಮೂಲವಸ್ತು, ಅಂದರೆ ಬಲ್ಕ್ ಡ್ರಗ್, ತಯಾರಿಸುವ ಘಟಕಗಳನ್ನು ಅದು ಬಿ-2 ವರ್ಗಕ್ಕೆ ಸೇರಿಸಿತು.

ಬಿ-2 ಅಂದರೆ ಏನೆಂದು ತಿಳಿದರೆ ಉಳಿದದ್ದೆಲ್ಲ ತಿಳಿಯುತ್ತದೆ. 2006ರ ಅಧಿಸೂಚನೆಯಲ್ಲಿ ಯೋಜನೆಗಳು ಎ ಮತ್ತು ಬಿ ಎಂದು ಎರಡು. ಎ ವರ್ಗದ್ದು ದೆಹಲಿಗೆ ಹೋಗುತ್ತದೆ, ಬಿ ವರ್ಗದ್ದನ್ನು ರಾಜ್ಯ ಮಟ್ಟದ ಪ್ರಾಧಿಕಾರ ನೋಡುತ್ತದೆ. ಬಿ-ಯಲ್ಲಿ ಮತ್ತೆ ಎರಡು: ಬಿ-1ಕ್ಕೆ ಇಐಎ ವರದಿ ಬೇಕು, ಬಿ-2ಕ್ಕೆ ಬೇಡ. ಬಲ್ಕ್ ಡ್ರಗ್ ಕಾರ್ಖಾನೆ ಅಂದರೆ ದ್ರಾವಕ, ಆಮ್ಲ, ಉಪ್ಪು ಎಲ್ಲ ಇರುವ ರಸಾಯನದ ಅಡುಗೆಮನೆ. ಅಂಥದ್ದಕ್ಕೆ ಸಾಮಾನ್ಯವಾಗಿ ವರದಿ ಬೇಕೇ ಬೇಕು. ಆ ವರದಿಯನ್ನೇ ಈ ತಿದ್ದುಪಡಿ ಬಿಟ್ಟುಕೊಟ್ಟಿತು. ಮೊದಲಿಗೆ 2020ರ ಸೆಪ್ಟೆಂಬರ್ 30ರವರೆಗೆ ಬಂದ ಅರ್ಜಿಗಳಿಗೆ ಮಾತ್ರ ಎಂದಿತ್ತು. ಆಮೇಲೆ ಗಡುವು ವಿಸ್ತರಣೆಯಾಗುತ್ತಾ ಹೋಯಿತು. ಎರಡೇ ವಾರದಲ್ಲಿ ನೂರಕ್ಕೂ ಹೆಚ್ಚು ಅರ್ಜಿ ಬಂದಿವೆ ಎಂದು ಸಚಿವಾಲಯವೇ ಏಪ್ರಿಲ್‌ನಲ್ಲಿ ಹೇಳಿಕೊಂಡಿತ್ತು.

ಅಹವಾಲು ಸಭೆ ಆಗದಿದ್ದಕ್ಕೆ ಮಾತ್ರ ಕೊರೊನಾವನ್ನು ಬೈಯುವುದು ಸರಿಯಲ್ಲ. ಅನುಮೋದಿತ ಕೈಗಾರಿಕಾ ಪ್ರದೇಶದೊಳಗೆ ಬರುವ ಘಟಕಗಳಿಗೆ ಪ್ರತ್ಯೇಕ ಅಹವಾಲು ಸಭೆ ಬೇಡ ಎಂಬ ವಿನಾಯಿತಿ 2006ರಿಂದಲೇ ಇದೆ. ಇಡೀ ಪ್ರದೇಶಕ್ಕೆ ಅನುಮತಿ ಪಡೆಯುವಾಗ ಒಮ್ಮೆ ಜನರನ್ನು ಕೇಳಿದ್ದಾಗಿದೆ, ಪ್ರತಿ ಕಾರ್ಖಾನೆಗೂ ಮತ್ತೆ ಯಾಕೆ ಎಂಬುದು ಅದರ ತರ್ಕ. ಕೇಳುವ ಹೊತ್ತಿಗೆ ಯಾವ ಕಾರ್ಖಾನೆ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ ಎಂಬುದು ಅದರ ಹುಳುಕು. ಆದ್ದರಿಂದ ನಿಮ್ಮ ಪಕ್ಕದ ಪ್ರದೇಶಕ್ಕೆ ಒಟ್ಟಾರೆ ಪರಿಸರ ಅನುಮತಿ ಇದೆಯೇ ಎಂದು ಕೆಐಎಡಿಬಿಯನ್ನು, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯನ್ನು, ಕೇಳಿ. ಇಲ್ಲದಿದ್ದರೆ ಆ ವಿನಾಯಿತಿಯನ್ನೇ ಪ್ರಶ್ನಿಸಬಹುದು.

ಇನ್ನೊಂದು ಎಚ್ಚರಿಕೆ. 2020ರಲ್ಲಿ ಅನುಮತಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ಕೋವಿಡ್ ರಿಯಾಯಿತಿಯಲ್ಲೇ ಸಿಕ್ಕಿತು ಎಂದಲ್ಲ. ಅನುಮತಿ ಪತ್ರದ ಮೊದಲ ಎರಡು ಪುಟದಲ್ಲಿ ಮಾರ್ಚ್ 27ರ ಅಧಿಸೂಚನೆಯ ಉಲ್ಲೇಖ ಇದೆಯೇ ನೋಡಬೇಕು. ಇಲ್ಲದಿದ್ದರೆ ಇಐಎ ವರದಿ ಇರಲೇಬೇಕು, ಆಗ ನಿಮ್ಮ ದಾರಿ ಸುಲಭ. ಆ ಪತ್ರ ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತದೆ. ಅನುಮತಿಯ ಪ್ರತಿಯನ್ನು ಪಂಚಾಯ್ತಿಗೂ ಕೊಡಬೇಕು, ಪಂಚಾಯ್ತಿ ಅದನ್ನು 30 ದಿನ ಪ್ರದರ್ಶಿಸಬೇಕು ಎಂದು ನಿಯಮ ಇದೆ. ಪಿಡಿಒ ಹತ್ತಿರ ಇನ್‌ವರ್ಡ್ ರಿಜಿಸ್ಟರ್ ತೆಗೆಸಿ ನೋಡಿ. ಎಷ್ಟೋ ಊರುಗಳಲ್ಲಿ ಆ ಲಕೋಟೆ ಒಡೆಯದೆ ಬೀರುವಿನಲ್ಲಿ ಕೂತಿರುವುದನ್ನು ನಾನೇ ಕಂಡಿದ್ದೇನೆ.

ಸರ್ಕಾರ ಹೀಗೆ ಮಾಡಿದ್ದು ಯಾಕೆ ಎಂದರೆ, ಭಯ ಸುಳ್ಳಾಗಿರಲಿಲ್ಲ. ನಮ್ಮ ಮಾತ್ರೆ ತಯಾರಕರು ಮೂಲವಸ್ತುಗಳಿಗೆ ಹೆಚ್ಚಾಗಿ ಚೀನಾವನ್ನೇ ನೆಚ್ಚಿಕೊಂಡಿದ್ದರು. ಅಲ್ಲಿ ಕಾರ್ಖಾನೆ ಮುಚ್ಚಿದವು. ಮಾರ್ಚ್ 3ಕ್ಕೆ ಭಾರತ ಪ್ಯಾರಾಸಿಟಮಾಲ್ ಸೇರಿ 26 ಮೂಲವಸ್ತು ಮತ್ತು ಔಷಧಿಗಳ ರಫ್ತಿಗೆ ಕಡಿವಾಣ ಹಾಕಿತ್ತು. ಅದೇ ತಿಂಗಳು ದೇಶದೊಳಗೇ ಬಲ್ಕ್ ಡ್ರಗ್ ತಯಾರಿಸಲು 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯೂ ಬಂತು. ಜ್ವರದ ಮಾತ್ರೆ ಸಿಗದೆ ಹೋದರೆ ಎಂಬ ಆತಂಕದಲ್ಲಿ ಕೂತವರನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಖಾಲಿ ಜಾಗದಲ್ಲಿ ಬಲ್ಕ್ ಡ್ರಗ್ ಕಾರ್ಖಾನೆ ಕಟ್ಟಿ ರಿಯಾಕ್ಟರ್ ಕೂರಿಸಿ ಮೊದಲ ಬ್ಯಾಚ್ ತೆಗೆಯಲು, ನಾನು ಕಂಡಂತೆ, ಒಂದೂವರೆ-ಎರಡು ವರ್ಷ ಹಿಡಿಯುತ್ತದೆ. 2020ರಲ್ಲಿ ಅವಸರದಿಂದ ಕೊಟ್ಟ ಅನುಮತಿಯ ಮಾತ್ರೆ 2020ರ ಜ್ವರಕ್ಕೆ ಸಿಗುವುದಿಲ್ಲ. ಆಗಲೇ ಓಡುತ್ತಿದ್ದ ಕಾರ್ಖಾನೆ ಇನ್ನೊಂದು ಉತ್ಪನ್ನ ಸೇರಿಸಿಕೊಳ್ಳಲು ಈ ರಿಯಾಯಿತಿ ಅರ್ಥಪೂರ್ಣ. ಹೊಸ ಕಾರ್ಖಾನೆಗೆ ಅಲ್ಲ. ನಿಮ್ಮ ಊರಿನದು ಶುರುವಾದದ್ದು 2023ರ ದೀಪಾವಳಿಗೆ ಅಂತೀರಿ. ಅಷ್ಟೊತ್ತಿಗೆ ಮಾಸ್ಕ್ ಎಲ್ಲಿಟ್ಟಿದ್ದೇವೆಂದೇ ಎಲ್ಲರೂ ಮರೆತಿದ್ದರು. ಇಐಎ ವರದಿಗೆ ಬೇಕಾಗುತ್ತಿದ್ದ ಕೆಲವು ತಿಂಗಳು ಇದರ ಮಧ್ಯೆ ಧಾರಾಳವಾಗಿ ಹಿಡಿಸುತ್ತಿತ್ತು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರ ಮಾರ್ಚ್ 26ರಂದು, ಕೋವಿಡ್ ಕಾರಣಕ್ಕೆ ಮಾಲಿನ್ಯ ಅಳತೆ, ವರದಿ ತಪ್ಪಿದರೆ ದಂಡ ಕೇಳುವುದಿಲ್ಲ ಎಂಬ ಧಾಟಿಯ ನೀತಿ ಹೊರಡಿಸಿ ಆಗಸ್ಟ್ 31ಕ್ಕೆ ಹಿಂದೆ ತೆಗೆದುಕೊಂಡಿತು. ಬ್ರೆಜಿಲ್‌ನ ಆಗಿನ ಪರಿಸರ ಸಚಿವ ರಿಕಾರ್ಡೊ ಸಾಲೆಸ್ ಏಪ್ರಿಲ್ 22ರ ಸಂಪುಟ ಸಭೆಯಲ್ಲಿ, ಪತ್ರಿಕೆಗಳ ಗಮನವೆಲ್ಲ ಕೋವಿಡ್ ಮೇಲಿರುವಾಗ ದನದ ಹಿಂಡನ್ನು ದಾಟಿಸಿಬಿಡೋಣ, ನಿಯಮಗಳನ್ನು ಸಡಿಲಿಸೋಣ ಎಂದದ್ದು ವಿಡಿಯೊದಲ್ಲೇ ಸಿಕ್ಕಿಬಿತ್ತು. ನಮ್ಮಲ್ಲಿ ಹಾಗೆ ಬಾಯಿಬಿಟ್ಟು ಹೇಳಿದವರಿಲ್ಲ. ಆದರೆ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗಕ್ಕೆ, ಸುಮಾರು 595 ಹೆಕ್ಟೇರ್ ಕಾಡು ತಿನ್ನುವ ಯೋಜನೆಗೆ, ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟದ್ದು 2020ರ ಮಾರ್ಚ್ 20ಕ್ಕೆ. ಕೆಲವೇ ದಿನ ಮುಂಚೆ ಅದೇ ಮಂಡಳಿಯ ಹೆಚ್ಚಿನ ಸದಸ್ಯರು ವಿರೋಧಿಸಿದ್ದರು. ಜೂನ್‌ನಲ್ಲಿ ಹೈಕೋರ್ಟ್ ತಡೆ ಕೊಡಬೇಕಾಯಿತು. ಅಸ್ಸಾಮಿನ ದೇಹಿಂಗ್ ಪಟ್ಕಾಯ್ ಆನೆ ಮೀಸಲು ಪ್ರದೇಶದ 98.59 ಹೆಕ್ಟೇರಿನಲ್ಲಿ ಕಲ್ಲಿದ್ದಲು ತೆಗೆಯುವ ಪ್ರಸ್ತಾಪಕ್ಕೆ ಏಪ್ರಿಲ್ 7ರಂದು ಶಿಫಾರಸು ಸಿಕ್ಕಿದ್ದು ವಿಡಿಯೊ ಸಭೆಯಲ್ಲಿ.

ಈಗ ನಿಮ್ಮ ಬಾವಿಗೆ ಬರೋಣ.

ಇಐಎ ವರದಿ ಅಂದರೆ ದಪ್ಪ ಪುಸ್ತಕ, ಅದರ ಮುಕ್ಕಾಲು ಪಾಲನ್ನು ಯಾರೂ ಓದುವುದಿಲ್ಲ. ಬರೆದವನೇ ಹೇಳುತ್ತಿದ್ದೇನೆ. ನಕಲು ಮಾಡಿದ ವರದಿಗಳನ್ನು ಕಂಡಿದ್ದೇನೆ, ಇಲ್ಲದ ಕಾಡಿನ ಪಕ್ಷಿಪಟ್ಟಿ ಇರುವ ವರದಿಯನ್ನೂ ಕಂಡಿದ್ದೇನೆ. ಆದರೂ ಅದರಲ್ಲಿ ಒಂದು ಅಧ್ಯಾಯ ಹಳ್ಳಿಯವರ ಪಾಲಿಗೆ ಬಂಗಾರ. ನಾವು ಅದನ್ನು ಬೇಸ್‌ಲೈನ್ ಅನ್ನುತ್ತೇವೆ. ಕಾರ್ಖಾನೆ ಬರುವ ಮುನ್ನ ಸುತ್ತ ಹತ್ತು ಕಿಲೋಮೀಟರಿನ ಗಾಳಿ, ನೀರು, ಮಣ್ಣು ಹೇಗಿತ್ತು ಎಂಬ ದಾಖಲೆ. ಮಳೆಗಾಲ ಬಿಟ್ಟು ಒಂದು ಋತು, ಮೂರು ತಿಂಗಳು, ಊರೂರು ತಿರುಗಿ ತೆಗೆಯುವ ಲೆಕ್ಕ.

ಬೇಸಿಗೆಯಲ್ಲಿ ಹೀಗೆ ಹೋದ ಒಂದು ಹಳ್ಳಿ ನೆನಪಿದೆ. ಬಾವಿಗೆ ಹಗ್ಗ ಕಟ್ಟಿ ಕ್ಯಾನ್ ಇಳಿಸಿದೆವು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ಬಾಯಿವರೆಗೆ ತುಂಬಿ, ಗಾಳಿ ಗುಳ್ಳೆ ಉಳಿಯದಂತೆ ಮುಚ್ಚಿ, ಸರ್ವೆ ನಂಬರ್, ತಾರೀಖು ಬರೆದ ಚೀಟಿ ಅಂಟಿಸಿ ಐಸ್ ಪೆಟ್ಟಿಗೆಯಲ್ಲಿಟ್ಟೆವು. ಕಟ್ಟೆ ಮೇಲೆ ಕೂತಿದ್ದ ಮುದುಕರೊಬ್ಬರು, ‘ನಮ್ಮ ಬಾವಿ ನೀರು ಸಿಹಿ ಅದಾವ, ಬರಕೊಳ್ರೀ’ ಅಂದರು. ಬರೆದುಕೊಂಡೆವು. ಒಟ್ಟು ಲವಣಾಂಶ ಲೀಟರಿಗೆ 600 ಮಿಲಿಗ್ರಾಂ ಆಸುಪಾಸು ಬಂತು. ಎಂಟು ವರ್ಷದ ಮೇಲೆ ಆ ಊರಿನವರು ಪಕ್ಕದ ಕಾರ್ಖಾನೆಯ ಮೇಲೆ ದೂರು ಕೊಟ್ಟಾಗ ಅವರ ವಕೀಲರು ಮೇಜಿನ ಮೇಲೆ ಇಟ್ಟದ್ದು ಕಂಪನಿಯ ದುಡ್ಡಿನಲ್ಲಿ ನಾನು ಬರೆದ ಅದೇ ಪುಟ.

ಕೋವಿಡ್ ರಿಯಾಯಿತಿ ನಿಮ್ಮಿಂದ ಕಿತ್ತುಕೊಂಡದ್ದು ಆ ಪುಟವನ್ನು. ಬಿ-2ರಲ್ಲಿ ಇಐಎ ವರದಿ ಇಲ್ಲ, ವರದಿ ಇಲ್ಲದಿದ್ದರೆ ಬೇಸ್‌ಲೈನ್ ಇಲ್ಲ. ನಮ್ಮ ಕಡೆ ಎಷ್ಟೋ ಕಡೆ ನೆಲದೊಳಗಿನ ನೀರಿಗೆ ಸಹಜವಾಗಿಯೇ ಉಪ್ಪು, ಫ್ಲೋರೈಡ್ ಜಾಸ್ತಿ. ಹಾಗಾಗಿ ‘ಮೊದಲಿಂದಲೂ ಸವುಳೇ’ ಎಂಬ ಮಾತು ಪೂರ್ತಿ ಸುಳ್ಳಿನ ಹಾಗೆ ಕೇಳಿಸುವುದಿಲ್ಲ. ಪರಿಸರದ ದೂರು ಕೇಳುವ ಹಸಿರು ನ್ಯಾಯಮಂಡಳಿಯಲ್ಲಿ ಆ ವಾದ ನಿಜಕ್ಕೂ ಚೆನ್ನಾಗಿ ನಡೆಯುತ್ತದೆ.

ಅನುಮತಿ ರದ್ದು ಮಾಡಿಸುವ ಬಗ್ಗೆ. ಪರಿಸರ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು ಇರುವುದು 30 ದಿನ, ಸಕಾರಣ ಇದ್ದರೆ ಇನ್ನೂ 60. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಕಾಲವನ್ನು ಗಡುವಿನ ಲೆಕ್ಕದಿಂದ ಬಿಟ್ಟಿತ್ತು. ಆ ಅವಧಿಯೂ ಕಳೆದು ಬಹಳ ದಿನವಾಯಿತು. ಪಂಚಾಯ್ತಿಗೆ ಪ್ರತಿಯೇ ಬಂದಿಲ್ಲ, ಜಾಹೀರಾತೇ ಬಂದಿಲ್ಲ ಎಂದು ವಾದಿಸಿ ನೋಡಬಹುದು. ಅದನ್ನೇ ನೆಚ್ಚಿಕೊಂಡು ಸಾಲ ಮಾಡಿ ವಕೀಲರಿಗೆ ಕೊಡಬೇಡಿ ಅನ್ನುತ್ತೇನೆ.

ಅನುಮತಿ ಇದ್ದ ಮಾತ್ರಕ್ಕೆ ಕೆಡಿಸಲು ಪರವಾನಗಿ ಸಿಕ್ಕಂತಲ್ಲ. ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದ ಅಧಿಕಾರಿ ಹೇಳಿದ್ದು ತಪ್ಪು. 2020ರ ತಿದ್ದುಪಡಿ ಮುಟ್ಟಿದ್ದು ಪರಿಸರ ಅನುಮತಿಯನ್ನು ಮಾತ್ರ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಅವತ್ತೂ ಇದ್ದವು, ಇವತ್ತೂ ಇವೆ. ಅವುಗಳ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಇಲ್ಲದೆ ಕಾರ್ಖಾನೆ ಒಂದು ದಿನವೂ ಓಡುವಂತಿಲ್ಲ. ಜಲ ಕಾಯ್ದೆಯ 33ಎ, ವಾಯು ಕಾಯ್ದೆಯ 31ಎ ಕಲಮಿನ ಕೆಳಗೆ ಮಂಡಳಿ ಕಾರ್ಖಾನೆ ಮುಚ್ಚಿಸಬಹುದು, ಕರೆಂಟು, ನೀರು ಕಡಿತ ಮಾಡಿಸಬಹುದು. ಆದ್ದರಿಂದ 2020ರಲ್ಲಿ ಏನಾಯಿತು ಎಂಬುದರ ಹಿಂದೆ ಹೋಗುವುದಕ್ಕಿಂತ ಈಗ ಏನಾಗುತ್ತಿದೆ ಎಂಬುದನ್ನು ಹಿಡಿಯುವುದು ಜಾಣತನ.

ಮೊದಲು ಕಾಗದ. ಮಂಡಳಿಯ ಪ್ರಾದೇಶಿಕ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದು ಗೊತ್ತಿಲ್ಲದೆ ಉದ್ದ ಬರೆದು ವಾಪಸ್ ಕಳಿಸಿಕೊಂಡವರು ಬಹಳ. ಒಂದು ಅರ್ಜಿಯಲ್ಲಿ ಸಮ್ಮತಿ ಪತ್ರ ಕೇಳಿ, ಇನ್ನೊಂದರಲ್ಲಿ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಕಂಪನಿ ಕೊಡಬೇಕಾದ ಷರತ್ತು ಪಾಲನಾ ವರದಿ ಕೇಳಿ. ಅದು ಸಾರ್ವಜನಿಕ ದಾಖಲೆ ಎಂದು 2006ರ ಅಧಿಸೂಚನೆಯಲ್ಲೇ ಬರೆದಿದೆ. ಮೂರನೆಯದರಲ್ಲಿ ಅಪಾಯಕಾರಿ ತ್ಯಾಜ್ಯ ಸಾಗಿಸಿದ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ, ಪ್ರತಿಗಳನ್ನು ಕೇಳಿ.

ಈ ಮೂರನೆಯದು ಯಾಕೆ ಎಂದು ಹೇಳಬೇಕು. ಇಂಥ ಕಾರ್ಖಾನೆಗಳಿಗೆ ಸಾಮಾನ್ಯವಾಗಿ ಒಂದು ಹನಿ ನೀರನ್ನೂ ಹೊರಬಿಡಬಾರದೆಂಬ ಷರತ್ತು ಇರುತ್ತದೆ. ಉಪ್ಪಿನ ನೀರನ್ನು ಇವಾಪರೇಟರ್‌ನಲ್ಲಿ ಕುದಿಸಿ ಆವಿ ಮಾಡಿ, ಉಳಿದ ಉಪ್ಪನ್ನು ಒಣಗಿಸಿ, ಚೀಲ ತುಂಬಿ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಜಾಗಕ್ಕೆ ಲಾರಿಯಲ್ಲಿ ಕಳಿಸಬೇಕು. ಕುದಿಸಲು ಹಬೆ ಬೇಕು, ಹಬೆಗೆ ಸೌದೆಯೋ ಕಲ್ಲಿದ್ದಲೋ ಬೇಕು, ಅದಕ್ಕೆ ದುಡ್ಡು ಬೇಕು. ದುಡ್ಡು ಉಳಿಸುವ ಆಸೆ ಬಂದ ಕಡೆ ಮಳೆ ಬಂದ ರಾತ್ರಿ ಟ್ಯಾಂಕಿನ ವಾಲ್ವ್ ಹಳ್ಳದ ಕಡೆ ತಿರುಗುತ್ತದೆ. ಈಗ ಲೆಕ್ಕ ಸುಲಭ. ಇಷ್ಟು ಉತ್ಪಾದನೆಗೆ ಇಷ್ಟು ಉಪ್ಪು ಹೊರಬೀಳಬೇಕು ಎಂದು ಅವರ ಅರ್ಜಿಯಲ್ಲೇ ಇರುತ್ತದೆ. ಲಾರಿಯಲ್ಲಿ ಹೋದ ಉಪ್ಪು ಅದರ ಕಾಲು ಭಾಗವೂ ಇಲ್ಲವಾದರೆ ಉಳಿದದ್ದು ಎಲ್ಲಿ? ಈ ಪ್ರಶ್ನೆಗೆ ಬೆವರಿದ ಮ್ಯಾನೇಜರುಗಳನ್ನು ನೋಡಿದ್ದೇನೆ.

ಅದೇ ಕಾಗದಗಳಲ್ಲಿ ಉತ್ಪನ್ನಗಳ ಪಟ್ಟಿಯನ್ನೂ ಪ್ರಮಾಣವನ್ನೂ ನೋಡಿ. ಕೋವಿಡ್ ಔಷಧಿಯ ಹೆಸರಲ್ಲಿ ಅನುಮತಿ ಪಡೆದು ಈಗ ಬೇರೆ ಏನನ್ನೋ, ಹೆಚ್ಚು ಮಾಲಿನ್ಯದ್ದನ್ನು, ಅಥವಾ ಒಪ್ಪಿದ್ದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ತಯಾರಿಸುತ್ತಿದ್ದರೆ ಅದು ಅನುಮತಿ ಇಲ್ಲದೆ ನಡೆಸಿದಂತೆಯೇ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಎಂಬ ವಿಷಾನಿಲ ಸೋರಿ 12 ಜನ ಸತ್ತ ಎಲ್‌ಜಿ ಪಾಲಿಮರ್ಸ್ ನೆನಪಿರಬಹುದು. ತಾನು ಉತ್ಪಾದಿಸುತ್ತಿರುವ ಪ್ರಮಾಣಕ್ಕೆ ಸಿಂಧು ಪರಿಸರ ಅನುಮತಿ ಇಲ್ಲ ಎಂದು ಆ ಕಂಪನಿಯೇ ಒಂದು ವರ್ಷ ಮುಂಚೆ ಅಫಿಡವಿಟ್‌ನಲ್ಲಿ ಬರೆದುಕೊಟ್ಟಿತ್ತು. ಕಾರ್ಖಾನೆ ಓಡುತ್ತಲೇ ಇತ್ತು. ಆದರೆ ಈ ವಾದದಲ್ಲಿ ಒಂದು ಗಂಡಾಂತರ ಇದೆ. ಮೊದಲು ಕಟ್ಟಿ ಆಮೇಲೆ ಅನುಮತಿ ಪಡೆಯುವ ಪದ್ಧತಿ ಪರಿಸರ ಕಾನೂನಿಗೇ ಪರಕೀಯ ಎಂದು ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 1ರಂದು ಹೇಳಿತು. 2021ರ ಜುಲೈನಲ್ಲಿ ಸಚಿವಾಲಯ ಅಂಥದಕ್ಕೇ ಕಾರ್ಯವಿಧಾನ ರೂಪಿಸಿತು. 2025ರ ಮೇ 16ರಂದು ಕೋರ್ಟ್ ಅದನ್ನು ಹೊಡೆದುಹಾಕಿತು. ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೆ ಒಂದರ ಬಹುಮತದಲ್ಲಿ ಆ ತೀರ್ಪನ್ನೇ ಹಿಂದಕ್ಕೆ ಪಡೆಯಿತು. ನೆಲ ಹೀಗೆ ಅಲುಗಾಡುತ್ತಿರುವಾಗ ನಿಮ್ಮ ಇಡೀ ಭಾರವನ್ನು ಆ ಒಂದು ಕಾಲಿನ ಮೇಲೆ ಹಾಕಬೇಡಿ.

ನೀರಿನ ಮಾದರಿ ವಿಷಯದಲ್ಲಿ ಜನ ಮಾಡುವ ತಪ್ಪು ಒಂದಿದೆ. ಬಿಸ್ಲೇರಿ ಬಾಟಲಿಯಲ್ಲಿ ನೀರು ತುಂಬಿ ಖಾಸಗಿ ಲ್ಯಾಬಿಗೆ ಕೊಟ್ಟು ಅದೇ ಸಾಕ್ಷಿ ಅಂದುಕೊಳ್ಳುತ್ತಾರೆ. ಕಾರ್ಖಾನೆಯ ತ್ಯಾಜ್ಯ ನೀರಿನ ಮಾದರಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಜಲ ಕಾಯ್ದೆಯ 21ನೇ ಕಲಮಿನಂತೆ ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು, ಎರಡು ಭಾಗ ಮಾಡಿ ಮೊಹರು ಹಾಕಬೇಕು. ನಿಮ್ಮ ಸ್ವಂತ ಪರೀಕ್ಷೆ ಅದಕ್ಕೆ ಬದಲಿ ಅಲ್ಲ, ಅಧಿಕಾರಿಯನ್ನು ಬರುವಂತೆ ಮಾಡುವ ಕಾರಣ. ಹಾಗಂತ ಮಾಡಿಸದೆ ಬಿಡಬೇಡಿ. ಜೊತೆಗೆ ವಾಸನೆಯ ಡೈರಿ ಬರೆಯಿರಿ: ತಾರೀಖು, ಗಂಟೆ, ಯಾವ ತರದ ವಾಸನೆ, ಒಲೆಯ ಹೊಗೆ ಯಾವ ದಿಕ್ಕಿಗೆ ಹೋಗುತ್ತಿತ್ತು. ಕೊಳೆತ ಮೂಲಂಗಿ ವಾಸನೆ ಗಂಧಕದ ಸಂಯುಕ್ತಗಳ ಕಡೆ ಬೆರಳು ತೋರಿಸುತ್ತದೆ, ನೇಲ್ ಪಾಲಿಶ್ ವಾಸನೆ ಅಸಿಟೋನ್ ತರದ ದ್ರಾವಕದ ಕಡೆ. ನಿಮ್ಮ ಮೂಗು ಸರಿಯಾಗಿಯೇ ಕೆಲಸ ಮಾಡಿದೆ. ಆ ಬಾವಿ ನೀರನ್ನು ಸದ್ಯ ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ.

ಮಂಡಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದ ಮೇಲೂ ಏನೂ ಆಗದಿದ್ದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇದೆ. ತೊಂದರೆ ನಿಲ್ಲಿಸಿ ಎಂಬ ಅರ್ಜಿಗೆ ಸಮಸ್ಯೆ ಮೊದಲು ಶುರುವಾದ ದಿನದಿಂದ ಆರು ತಿಂಗಳು, ವಿಳಂಬಕ್ಕೆ ಕಾರಣ ಕೊಟ್ಟರೆ ಇನ್ನೂ 60 ದಿನ. ನಿಮಗೆ ಇದು ಮೀರಿದೆ ಎಂದು ಕಂಪನಿ ವಾದಿಸುವುದು ಖಂಡಿತ. ಪರಿಹಾರ ಮತ್ತು ಬಾವಿ ಮೊದಲಿನಂತೆ ಮಾಡಿಕೊಡಿ ಎಂಬ ಅರ್ಜಿಗೆ ಐದು ವರ್ಷ ಇದೆ. 2023ರಿಂದ ಎಣಿಸಿದರೆ ನಿಮಗೆ ಇನ್ನೂ ಕಾಲ ಇದೆ, ಹಾಗಾಗಿ ನಿಮ್ಮ ಬಾಗಿಲು ಇದೇ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ, ಕೇಳಿದರೆ ಕೇಳಿದ ಮೊತ್ತದ ಶೇ 1. ಬಡತನ ರೇಖೆಯ ಕೆಳಗಿನವರಿಗೆ ವಿನಾಯಿತಿ. ಒಬ್ಬರೇ ಹೋಗಬೇಡಿ. ಹಳ್ಳದ ದಂಡೆಯ ನಾಲ್ಕಾರು ಬಾವಿಯವರು ಸೇರಿ ಹೋಗಿ. ಒಂದೇ ಬಾವಿ ಸವುಳಾದರೆ ನೂರು ಕಾರಣ ಹೇಳಬಹುದು. ಹಳ್ಳದುದ್ದಕ್ಕೂ ಆಗಿ, ಮೇಲಿನ ಕಡೆಯ ಬಾವಿ ಸಿಹಿಯಾಗೇ ಉಳಿದಿದ್ದರೆ ಅದೇ ಒಂದು ನಕ್ಷೆ.

ಮೈದುನನ ವಿಷಯ. ಅವನಿಂದ ಒಳಗಿನ ಕಾಗದ, ಫೋಟೊ ತರಿಸುವ ಯೋಚನೆ ಇದ್ದರೆ ಬಿಡಿ. ಸಿಕ್ಕಿಬಿದ್ದರೆ ಅವನ ಕೆಲಸ ಹೋಗುತ್ತದೆ, ನಿಮ್ಮ ದೂರೂ ಹಾಳಾಗುತ್ತದೆ. ನಿಮಗೆ ಬೇಕಾದದ್ದೆಲ್ಲ ಸರ್ಕಾರಿ ಕಡತದಲ್ಲೇ ಇದೆ. ಕಾರ್ಖಾನೆ ಮುಚ್ಚಿಸಿಬಿಡುತ್ತೀರಿ ಎಂಬ ಅವನ ಹೆದರಿಕೆ ಅರ್ಥವಾಗುತ್ತದೆ. ಆದರೆ ನ್ಯಾಯಮಂಡಳಿ ಸಾಮಾನ್ಯವಾಗಿ ಮೊದಲು ಮಾಡುವುದು ಜಂಟಿ ಸಮಿತಿ ಕಳಿಸಿ ವರದಿ ತರಿಸುವುದು, ಪರಿಸರ ಪರಿಹಾರ ಮೊತ್ತ ಹಾಕುವುದು, ಷರತ್ತು ಬಿಗಿ ಮಾಡುವುದು. ತಾತ್ಕಾಲಿಕವಾಗಿ ಮುಚ್ಚುವ ಸಾಧ್ಯತೆಯೂ ಇಲ್ಲದಿಲ್ಲ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಮುಂದಕ್ಕೆ ತಳ್ಳಲಾರೆ. ಒಂದು ಮಾತು ಮಾತ್ರ ಅವನಿಗೆ ಹೇಳಿ: ಹಳ್ಳ ದಾಟಿ ನಿಮ್ಮ ಮನೆಗೆ ಬರುವ ಆ ಗಾಳಿಯನ್ನು ಅವನು ದಿನಕ್ಕೆ ಎಂಟು ಗಂಟೆ ಹತ್ತಿರದಿಂದ ಕುಡಿಯುತ್ತಿದ್ದಾನೆ.

ಕೊನೆಗೆ, ನೀವು ‘ಅಷ್ಟೇ’ ಎಂದು ಮುಗಿಸಿದ ಸಾಲು. ಜಲ ಜೀವನ್ ಮಿಷನ್‌ನಲ್ಲಿ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆದ ಯೋಜನೆಯಲ್ಲಿ, ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಿದರು. ಆ ಕಿಟ್‌ನಲ್ಲಿ ಪಿಎಚ್, ಗಡಸುತನ, ಫ್ಲೋರೈಡ್ ಜೊತೆಗೆ ಕ್ಲೋರೈಡ್ ಪರೀಕ್ಷೆಯೂ ಇರುತ್ತದೆ. ಹನಿ ಹನಿಯಾಗಿ ದ್ರಾವಣ ಬಿಟ್ಟು ಬಣ್ಣ ತಿರುಗುವವರೆಗೆ ಎಣಿಸಿದ್ದು ನೆನಪಿದೆಯೇ? ಕಾರ್ಖಾನೆಯ ಉಪ್ಪು ಬಾವಿಗೆ ಇಳಿದರೆ ಮೊದಲು ಏರುವ ಅಂಕಿಗಳಲ್ಲಿ ಅದೂ ಒಂದು. ಆ ತರಬೇತಿ ಆದದ್ದು 2023ರ ದೀಪಾವಳಿಗೆ ಮುಂಚೆಯೇ, ಅಭ್ಯಾಸಕ್ಕೆಂದು ನಿಮ್ಮ ಹೊಲದ ಬಾವಿ ನೀರನ್ನೂ ಹಾಕಿ ನೋಡಿದ್ದಿರಾ, ಅಂಕಿ ಬರೆದ ನೋಟ್‌ಬುಕ್ ಯಾರ ಮನೆಯಲ್ಲಿದೆ? ಉಳಿದ ನಾಲ್ವರ ಹತ್ತಿರವೂ ಕೇಳಿ. ಪಂಚಾಯ್ತಿ ಕಳಿಸಿದ ಮಾದರಿಗಳ ತಾಲ್ಲೂಕು ಲ್ಯಾಬ್ ವರದಿ, ಅಂತರ್ಜಲ ನಿರ್ದೇಶನಾಲಯದ ವೀಕ್ಷಣಾ ಬಾವಿಯ ಅಂಕಿ, ಅದೇ ಕೈಗಾರಿಕಾ ಪ್ರದೇಶದ ಹಳೆಯ ಕಾರ್ಖಾನೆಗಳ ಇಐಎ ವರದಿಗಳಲ್ಲಿ ನಿಮ್ಮ ಊರಿನ ಹೆಸರು, ಇವೆಲ್ಲ ಅದಕ್ಕೆ ಜೊತೆಯಾಗುತ್ತವೆ.

ಕಿಟ್ಟಿನ ಅಂಕಿ ಲ್ಯಾಬಿನ ಅಂಕಿಯಷ್ಟು ನಿಖರ ಅಲ್ಲ, ಕಂಪನಿಯ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಆದರೂ ತಾರೀಖು ಇರುವ, ಜಗಳ ಶುರುವಾಗುವ ಮುನ್ನ ಬರೆದ, ಯಾರ ಮೇಲೂ ದೂರಿಗೆಂದು ಬರೆಯದ ಪುಸ್ತಕಕ್ಕೆ ಬೇರೆಯೇ ತೂಕ ಇದೆ. ಸಿಕ್ಕರೆ ಪ್ರತಿ ಪುಟದ ಜೆರಾಕ್ಸ್ ಮಾಡಿಸಿ ಪಿಡಿಒ ಅವರಿಂದ ಸಹಿ, ಮೊಹರು ಹಾಕಿಸಿಕೊಳ್ಳಿ. ಮೂಲ ಪುಸ್ತಕ ಯಾರು ಕೇಳಿದರೂ ಕೊಡಬೇಡಿ, ನನಗೂ ಕಳಿಸಬೇಡಿ. ಮೊದಲ ಪುಟದ ಫೋಟೊ ಸಾಕು.